ತೂಗುದೀಪದ ಸರಪಳಿಗೆ ರೀಫ್ ಲೈಟ್ ನೇತುಹಾಕಬಹುದೇ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲೈಟಿನ ಬಗ್ಗೆಯೇ ಇವೆ. ಮಳೆ ಹಿಡಿದು ಹೊರಗೆ ಕತ್ತಲಾದಾಗ ಎಲ್ಲರಿಗೂ ಟ್ಯಾಂಕಿನ ರೀಫ್ ಲೈಟ್, ಅಂದರೆ ಹವಳ ಸಾಕುವ ತೊಟ್ಟಿಯ ಮೇಲೆ ಹಾಕುವ ದೀಪ, ನೆನಪಾಗುತ್ತದೆ ಅಂತ ಕಾಣುತ್ತದೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಯಿತು. ಕಾರಣ ಓದಿದರೆ ಗೊತ್ತಾಗುತ್ತದೆ.

ಪ್ರಶ್ನೆ: ಮೇಡಂ, ನಮ್ಮದು ತುಮರಿ ಹತ್ತಿರ ಹಳೇ ಹೆಂಚಿನ ಮನೆ. ನಡುಮನೆಯಲ್ಲಿ ಸಮುದ್ರದ ನೀರಿನ ಸಣ್ಣ ಟ್ಯಾಂಕ್ ಇಟ್ಟಿದ್ದೇನೆ. 24 ಇಂಚು ಉದ್ದ, 12 ಅಗಲ, 15 ಎತ್ತರ. ಎರಡು ಕ್ಲೌನ್ ಮೀನು, ಒಂದು ಸೀಗಡಿ, ಸ್ವಲ್ಪ ಝೋವಾ (ಹೂವಿನ ಹಾಗೆ ಅರಳುವ, ಹವಳದ ಬಳಗದ ಜೀವಿ), ನಾಲ್ಕು ಅಣಬೆ ಹವಳ ಇವೆ. ಲೈಟಿನ ಜೊತೆ ಬಂದ ಕ್ಲಿಪ್ ಗಾಜಿನ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಟ್ಯಾಂಕಿನ ನೇರ ಮೇಲೆ ಅಜ್ಜನ ಕಾಲದ ತೂಗುದೀಪದ ಹಿತ್ತಾಳೆ ಸರಪಳಿ ಖಾಲಿ ನೇತಾಡುತ್ತಿದೆ. ಲೈಟನ್ನು ಅದಕ್ಕೇ ಸಿಕ್ಕಿಸಬಹುದಾ? ತೂಕ ಎರಡು ಕೆಜಿ ಒಳಗೆ. ಲೆನ್ಸ್ 90 ಡಿಗ್ರಿ ಅಂತ ಡಬ್ಬದ ಮೇಲಿದೆ. ಎಷ್ಟು ಎತ್ತರದಲ್ಲಿರಬೇಕು? ಮೇಲೆ ಅಟ್ಟದಲ್ಲಿ ಅಡಿಕೆ ಚೀಲ, ಸುಣ್ಣ, ಮೈಲುತುತ್ತು ಎಲ್ಲ ಇಡುತ್ತೇವೆ. ಅದರಿಂದ ಲೈಟಿಗೇನಾದರೂ ತೊಂದರೆ ಇದೆಯಾ?

ಉತ್ತರ: ನಿಮ್ಮ ಪತ್ರದ ಕೊನೇ ಸಾಲು ಓದಿ ಎದೆ ಝಲ್ ಎಂದಿತು. ಲೈಟಿಗೆ ಏನೂ ತೊಂದರೆ ಇಲ್ಲ. ಲೈಟಿನ ಕೆಳಗಿರುವವರಿಗೆ ಇದೆ. ಎತ್ತರದ ಲೆಕ್ಕ ಆಮೇಲೆ ಹೇಳುತ್ತೇನೆ. ಮೊದಲು ಸರಪಳಿ, ಆಮೇಲೆ ಅಟ್ಟ.

ಸರಪಳಿ ಬೇಡ. ಎಣ್ಣೆ ತುಂಬಿದ ದೀಪವನ್ನು ಅಷ್ಟು ವರ್ಷ ಹೊತ್ತ ಸರಪಳಿಗೆ ನಿಮ್ಮ ಲೈಟಿನ ತೂಕ ಲೆಕ್ಕಕ್ಕೇ ಇಲ್ಲ, ನಿಜ. ಆದರೆ ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಟ್ಯಾಂಕಿನ ನೀರು ಹಗಲೂ ರಾತ್ರಿ ಸಣ್ಣಗೆ ಸಿಡಿಯುತ್ತಲೇ ಇರುತ್ತದೆ. ಗುಳ್ಳೆ ಒಡೆದಾಗ ಹಾರುವ ಹನಿ ಕಣ್ಣಿಗೆ ಕಾಣುವುದಿಲ್ಲ, ಒಣಗಿದ ಮೇಲೆ ಬಿಳೀ ಉಪ್ಪಾಗಿ ಕೂರುತ್ತದೆ. ಮಳೆಗಾಲದಲ್ಲಿ ಅದೇ ಉಪ್ಪು ಗಾಳಿಯ ತೇವ ಎಳೆದುಕೊಂಡು ಮತ್ತೆ ನೀರಾಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿದ್ದೀರಲ್ಲ, ಅದೇ ಕಥೆ. ಆ ಉಪ್ಪುನೀರು ಹಿತ್ತಾಳೆಯ ಮೇಲೆ ಕೂತರೆ ಹಸಿರು ಕಿಲುಬು ಬರುತ್ತದೆ. ಕಿಲುಬು ಕರಗಿ ಹನಿಯಾದರೆ ಬೀಳುವುದು ನೇರ ಟ್ಯಾಂಕಿಗೆ.

ತಾಮ್ರ ಮೀನಿಗಿಂತ ಸೀಗಡಿ, ಹವಳಗಳಿಗೆ ಬಹಳ ಬೇಗ ವಿಷವಾಗುತ್ತದೆ. ಸಮುದ್ರದ ಮೀನಿಗೆ ಬಿಳಿ ಚುಕ್ಕಿ ರೋಗ ಬಂದಾಗ ತಾಮ್ರದ ಔಷಧಿ ಹಾಕುವ ಪದ್ಧತಿ ಇದೆ. ಅದಕ್ಕೂ ಮೀನನ್ನು ಬೇರೆ ತೊಟ್ಟಿಗೆ ಹಾಕುತ್ತಾರೆ. ಅದರಲ್ಲಿ ಕೆಲವು ಔಷಧಿಗಳ ಪ್ರಮಾಣ ಲೀಟರಿಗೆ ಕಾಲು ಮಿಲಿಗ್ರಾಂ ತಾಮ್ರಕ್ಕಿಂತ ಕಡಿಮೆ. ಮೀನು ಅಷ್ಟನ್ನು ತಡೆದುಕೊಳ್ಳುತ್ತದೆ, ಸೀಗಡಿ ತಡೆಯುವುದಿಲ್ಲ.

ಈಗ ಅಟ್ಟಕ್ಕೆ ಬನ್ನಿ. ನಿಮ್ಮ ಟ್ಯಾಂಕಿನಲ್ಲಿ ಹಿಡಿಸುವುದು 70 ಲೀಟರ್. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ. ಕೂತು ಲೆಕ್ಕ ಹಾಕಿದೆ. ಲೀಟರಿಗೆ ಕಾಲು ಮಿಲಿಗ್ರಾಂ ಆಗಲು ನಿಮ್ಮ ಇಡೀ ಟ್ಯಾಂಕಿಗೆ 70 ಮಿಲಿಗ್ರಾಂ ಮೈಲುತುತ್ತು ಸಾಕು. ಅಂದರೆ ಮೂರು ಅಕ್ಕಿಕಾಳಿನ ತೂಕ. ನೀವು ಅದನ್ನು ಕೆಜಿಗಟ್ಟಲೆ, ಹಲಗೆಯ ಸಂದಿ ಇರುವ ಅಟ್ಟದಲ್ಲಿ, ಟ್ಯಾಂಕಿನ ನೆತ್ತಿಯ ಮೇಲೆ ಇಟ್ಟಿದ್ದೀರಿ! ಇವತ್ತೇ ಕೆಳಗಿಳಿಸಿ ಕೊಟ್ಟಿಗೆಗೋ ಪಂಪಿನ ಮನೆಗೋ ಸಾಗಿಸಿ. ಸುಣ್ಣದ ಚೀಲವೂ ಜೊತೆಗೇ ಹೋಗಲಿ. ಸುಣ್ಣದ ಪುಡಿ ಬಿದ್ದರೆ ನೀರಿನ ಕ್ಷಾರ ಏರುತ್ತದೆ. ಅಡಿಕೆ ಇದ್ದರೆ ಇರಲಿ, ಆದರೆ ಟ್ಯಾಂಕಿನ ಮೇಲಿನ ಜಾಗಕ್ಕೆ ಒಂದು ಟಾರ್ಪಾಲು ಹಾಸಿ. ಇಲ್ಲಣ, ಕುಟ್ಟೆಹುಳದ ಪುಡಿ, ಇಲಿ ಹಿಕ್ಕೆ ಎಲ್ಲ ಉದುರುವುದು ಆ ಸಂದಿಯಿಂದಲೇ.

ಇನ್ನೊಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದ ದಿನ ಟ್ಯಾಂಕಿಗೆ ಕೈ ಹಾಕಬೇಡಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು ಕಲಸಿದ ಕೈ ಅದು. ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿದಿರುತ್ತದೆ. ಆ ದಿನ ಮೀನಿಗೆ ಊಟ ಹಾಕುವ ಕೆಲಸ ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ. ಟ್ಯಾಂಕಿನ ಬಕೆಟ್ಟು, ಜಗ್ಗು ತೋಟದ ಕಡೆ ಹೋಗಲೇಬಾರದು. ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಮಲೆನಾಡಿನ ಮನೆಯಲ್ಲಿ ಒಳ್ಳೇ ಬಕೆಟ್ ಒಂದು ಕಡೆ ನಿಲ್ಲುವುದಿಲ್ಲ, ಗೊತ್ತಲ್ಲ.

ಸರಿ, ಈಗ ನೇತುಹಾಕುವ ವಿಷಯ. ನಿಮ್ಮ ಮನೆಯಲ್ಲಿ ಜಂತೆ ಇದೆ, ಅದೇ ದೊಡ್ಡ ಭಾಗ್ಯ. ಸ್ಕ್ರೂಡ್ರೈವರ್ ಹಿಡಿಯಿಂದ ಜಂತೆಯನ್ನು ಉದ್ದಕ್ಕೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿದೆ, ಆ ಜಾಗ ಬಿಡಿ. ಗಟ್ಟಿ ಇರುವಲ್ಲಿ ಸ್ಟೀಲಿನ ಎರಡು ತಿರುಪು ಹುಕ್ಕು ಹಾಕಿ. ಒಂದೇ ಹುಕ್ಕಿಗೆ ಎರಡೂ ತಂತಿ ಕಟ್ಟಿದರೆ ಲೈಟ್ ತೊಟ್ಟಿಲಿನ ಗಿರಗಿಟ್ಟಲೆಯ ಹಾಗೆ ತಿರುಗುತ್ತದೆ. ಜಂತೆ ಟ್ಯಾಂಕಿಗೆ ಅಡ್ಡಡ್ಡ ಓಡಿದ್ದರೆ ಎರಡು ಜಂತೆಗೆ ಸೇರಿಸಿ ಒಂದು ರೀಪು ಹೊಡೆದು ಹುಕ್ಕನ್ನು ಅದಕ್ಕೆ ಹಾಕಿ.

ಹಳೇ ಹೊನ್ನೆ, ಮತ್ತಿ ಮರ ಕಬ್ಬಿಣದ ಹಾಗೆ ಇರುತ್ತದೆ. ಸುಮ್ನೆ ತಿರುಗಿಸಿದರೆ ಹುಕ್ಕೇ ಮುರಿಯುತ್ತದೆ. ಮೊದಲು ಡ್ರಿಲ್ಲಿನಲ್ಲಿ ತೂತು ಮಾಡಿ. ಹುಕ್ಕಿನ ಹಲ್ಲು ಬಿಟ್ಟು ಒಳಗಿನ ಕಡ್ಡಿ ಎಷ್ಟು ದಪ್ಪವೋ ಅಷ್ಟೇ ತೂತು. ಹಲ್ಲಿಗೆ ಸ್ವಲ್ಪ ಬಾರ್ ಸೋಪು ಸವರಿದರೆ ಬೆಣ್ಣೆಯ ಹಾಗೆ ಒಳಗೆ ಹೋಗುತ್ತದೆ. ಇದು ನಮ್ಮೂರ ಬಡಗಿಯೊಬ್ಬರು ಹೇಳಿಕೊಟ್ಟದ್ದು. ತೂತು ಕೊರೆಯುವಾಗ ಟ್ಯಾಂಕಿನ ಮೇಲೆ ಹಳೇ ಬೆಡ್‌ಶೀಟ್ ಮುಚ್ಚಿ.

ತಂತಿ ಯಾವುದು ಅಂತ ನೀವು ಕೇಳಿಲ್ಲ. ಆದರೆ ನಾನು ಪೆಟ್ಟು ತಿಂದದ್ದು ಅಲ್ಲೇ. ನನ್ನ ಮೊದಲ ಲೈಟನ್ನು ಕಟ್ಟಡದವರು ಬಳಸುವ ಬೈಂಡಿಂಗ್ ತಂತಿಯಲ್ಲಿ ನೇತುಹಾಕಿದ್ದೆ. ಮನೆಯಲ್ಲಿ ಒಂದು ಸುರುಳಿ ಬಿದ್ದಿತ್ತು, ದುಡ್ಡು ಯಾಕೆ ಖರ್ಚು ಅಂತ. ಒಂದು ಮಳೆಗಾಲ ಕಳೆದು ಎರಡನೆಯದು ಶುರುವಾಗಿತ್ತು. ರಾತ್ರಿ ಊಟಕ್ಕೆ ಕೂತಿದ್ದೆವು. ಪಟ್ ಅಂತ ಇಡೀ ಮನೆ ಕತ್ತಲು. ನಮ್ಮನೆಯವರು ಎಂದಿನ ಹಾಗೆ ಕರೆಂಟಿನವರಿಗೆ ಮಂತ್ರಾಕ್ಷತೆ ಹಾಕಿದರು. ಮೇಣದಬತ್ತಿ ಹುಡುಕುತ್ತಾ ಕಿಟಕಿಯಲ್ಲಿ ನೋಡಿದರೆ ಎದುರುಮನೆಯಲ್ಲಿ ಟಿವಿ ನಡೆಯುತ್ತಿದೆ! ಟಾರ್ಚ್ ಹಿಡಿದು ಟ್ಯಾಂಕಿನ ಹತ್ತಿರ ಹೋದೆ. ಲೈಟಿನ ಒಂದು ಕಡೆ ನೀರಲ್ಲಿ, ಇನ್ನೊಂದು ಕಡೆ ಗಾಜಿಗೆ ಆನಿಸಿಕೊಂಡು ಓರೆಯಾಗಿ ನಿಂತಿತ್ತು. ತಂತಿ ಹುಕ್ಕಿನ ಬಾಗುವಿಕೆಯಲ್ಲಿ ತುಕ್ಕು ಹಿಡಿದು ಸೂಜಿಯಷ್ಟು ಸಣ್ಣಗಾಗಿ ತುಂಡಾಗಿತ್ತು. ಮೀನು ಬದುಕಿದವು, ನಾವೂ ಬದುಕಿದೆವು. ಕಾರಣ ಮನೆಯ ಬೋರ್ಡಿನಲ್ಲಿದ್ದ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್ಚು ಅದು. ಕರೆಂಟು ಸೋರಿದ ಕ್ಷಣಕ್ಕೆ ಆಫ್ ಆಗಿತ್ತು. ನಿಮ್ಮ ಮನೆ ಹಳೆಯದು ಅಂದಿರಿ. ಫ್ಯೂಸ್ ಕಟ್ಟೆ ಮಾತ್ರ ಇದ್ದರೆ ಲೈಟ್ ನೇತುಹಾಕುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ನೋಡಿಸಿ. ಇದೊಂದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಹಾಗಾಗಿ ಎರಡು ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ಹಗ್ಗದ ತಂತಿ ತನ್ನಿ. 316 ಅಂತ ಕೇಳಿ. ಅದರಲ್ಲಿ ಮಾಲಿಬ್ಡಿನಂ ಇರುತ್ತದೆ, ಉಪ್ಪಿಗೆ ಬೇಗ ಬಗ್ಗುವುದಿಲ್ಲ. ಸಿಗದಿದ್ದರೆ 304 ಆದೀತು, ಆದರೆ ಮೂರು ತಿಂಗಳಿಗೊಮ್ಮೆ ಗಂಟಿನ ಜಾಗ ನೋಡುತ್ತಿರಿ. ತುದಿಯ ಕುಣಿಕೆಗೆ ಒಂದಲ್ಲ, ಎರಡೆರಡು ಕ್ಲಾಂಪು. ಇದಲ್ಲದೆ ಲೈಟಿನಿಂದ ಜಂತೆಗೆ ಮೂರನೇ ತಂತಿಯೊಂದನ್ನು ಸಡಿಲವಾಗಿ ಕಟ್ಟಿಬಿಡಿ. ಅದು ಭಾರ ಹೊರುವುದಿಲ್ಲ, ಕಾವಲಿಗೆ ಇರುತ್ತದೆ. ಮುಖ್ಯ ತಂತಿ ಕೈ ಕೊಟ್ಟರೂ ಲೈಟ್ ನೀರು ಮುಟ್ಟದಷ್ಟು ಅದರ ಉದ್ದ ಇರಲಿ.

ಜಂತೆಯಿಂದ ಟ್ಯಾಂಕಿಗೆ ಬಹಳ ದೂರ ಇದ್ದರೆ ತಂತಿ ಉದ್ದವಾಗಿ ಲೈಟ್ ತೂಗುತ್ತದೆ. ಅಟ್ಟದಲ್ಲಿ ಚೀಲ ಎಳೆದಾಗಲೆಲ್ಲ ಕೆಳಗೆ ಉಯ್ಯಾಲೆ ಶುರು. ಲೈಟಿನ ಹಿಂಬದಿಯಿಂದ ಗೋಡೆಗೆ ಗಾಳದ ನೈಲಾನ್ ದಾರ ಎರಡು ಕಡೆ ಎಳೆದು ಕಟ್ಟಿ. ಕಣ್ಣಿಗೆ ಕಾಣುವುದೂ ಇಲ್ಲ.

ಎತ್ತರ. ನಾನು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಲೆನ್ಸ್ ಒರೆಸಿದವಳು. ಈ ಪ್ರಶ್ನೆ ಬಂದರೆ ಖುಷಿ. 90 ಡಿಗ್ರಿ ಲೆನ್ಸಿನ ಲೆಕ್ಕ ತೀರಾ ಸುಲಭ. ಎತ್ತರದ ಎರಡರಷ್ಟು ಅಗಲಕ್ಕೆ ಬೆಳಕು ಹರಡುತ್ತದೆ. 20 ಸೆಂಟಿಮೀಟರ್ ಮೇಲಿದ್ದರೆ ನೀರಿನ ಮೇಲೆ 40 ಸೆಂಟಿಮೀಟರಿನ ವೃತ್ತ. ನಿಮ್ಮ ಟ್ಯಾಂಕಿನ ಉದ್ದ ಸುಮಾರು 60. ಅಂದರೆ ಲೈಟ್ ನೀರಿನಿಂದ 30 ಸೆಂಟಿಮೀಟರ್, ಒಂದು ಅಡಿ ಮೇಲಿರಲಿ. ನೀರಿಗಿಳಿದ ಮೇಲೆ ಬೆಳಕು ಒಳಕ್ಕೆ ಬಾಗುತ್ತದೆ. ಲೋಟದ ನೀರಲ್ಲಿ ಚಮಚ ಮುರಿದ ಹಾಗೆ ಕಾಣುವುದು ಇದರಿಂದಲೇ. ಹಾಗಾಗಿ ಮೂಲೆಗಳು ಸ್ವಲ್ಪ ಮಂದ ಉಳಿಯುತ್ತವೆ. ಅಣಬೆ ಹವಳಕ್ಕೆ ಮಂದ ಬೆಳಕೇ ಇಷ್ಟ, ಅವನ್ನು ಮೂಲೆಯ ತಳಕ್ಕೆ ಇಡಿ. ಝೋವಾ ನಡುವಿನಲ್ಲಿ, ಸ್ವಲ್ಪ ಮೇಲೆ. ಒಂದು ಅಡಿ ಬಿಟ್ಟರೆ ಇನ್ನೊಂದು ಲಾಭ, ಲೈಟ್ ಸರಿಸದೆ ಕೈ ಒಳಗೆ ಹೋಗುತ್ತದೆ. ಪ್ರತಿ ಸಲ ಲೈಟ್ ಕಳಚಬೇಕಾದರೆ ಯಾರೂ ಟ್ಯಾಂಕ್ ಕ್ಲೀನ್ ಮಾಡುವುದಿಲ್ಲ. ನಾನಂತೂ ಮಾಡುವುದಿಲ್ಲ.

ಕೊನೆಗೆ ವೈರು. ಅಡಾಪ್ಟರ್ ಟ್ಯಾಂಕಿನ ಮೇಲೆ ನೇತಾಡಬಾರದು, ಪಕ್ಕದ ಗೋಡೆಗೆ ಇರಲಿ. ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋಲು ಬಿದ್ದು ಮತ್ತೆ ಮೇಲೇರಿ ಪ್ಲಗ್ಗಿಗೆ ಹೋಗಬೇಕು. ವೈರಿನ ಮೇಲೆ ಹರಿದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ. ಹೆಂಚಿನ ಮನೆಯಲ್ಲಿ ಮಳೆನೀರಿಗೂ ಇದೇ ಉಪಾಯ.

ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ಲೈಟಿಗೆ ಮುತ್ತುತ್ತವೆ, ಬೆಳಗ್ಗೆ ಟ್ಯಾಂಕ್ ತುಂಬಾ ರೆಕ್ಕೆ. ಆ ಒಂದೆರಡು ಸಂಜೆ ಲೈಟ್ ಬೇಗ ಆರಿಸಿಬಿಡಿ. ಇನ್ನು ಆ ತೂಗುದೀಪ. ಸರಪಳಿ ಬಿಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ, ದೀಪ ಸಮೇತ ದೇವರ ಕೋಣೆಯಲ್ಲಿ ಹಾಕಿ. ಅಜ್ಜನಿಗೂ ಸಮಾಧಾನ, ಸೀಗಡಿಗೂ ಸಮಾಧಾನ.

ಪ್ರಶ್ನೆ: ಶಿವಮೊಗ್ಗದ ಗೋಪಾಳದಲ್ಲಿ ಬಾಡಿಗೆ ಮನೆ. ಓನರ್ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ಮೇಲೆ ಫಾಲ್ಸ್ ಸೀಲಿಂಗ್ ಇದೆ. ಅದಕ್ಕೆ ಹುಕ್ಕು ಸಿಕ್ಕಿಸಿದರೆ ಗೊತ್ತಾಗಲಿಕ್ಕಿಲ್ಲ ಅಲ್ವಾ?

ಉತ್ತರ: ಗೊತ್ತಾಗುತ್ತದೆ, ಬಿದ್ದಾಗ. ಜಿಪ್ಸಂ ಬೋರ್ಡ್ ಎಂದರೆ ಗಟ್ಟಿ ಮಾಡಿದ ಸುಣ್ಣದ ಹಪ್ಪಳ ಅಂದುಕೊಳ್ಳಿ. ಟ್ಯಾಂಕಿನ ತೇವ ಕುಡಿದು ಅದು ಇನ್ನೂ ಮೆತ್ತಗಾಗುತ್ತದೆ. ಅದಕ್ಕೆ ಏನೂ ತೂಗಬೇಡಿ.

ನಿಮಗೆ ಬೇಕಾದ್ದು ಸ್ಟ್ಯಾಂಡಿಗೇ ಹಿಡಿಸುವ ಪೈಪು. ಮೆಟ್ಟಿಲ ರೇಲಿಂಗ್ ಮಾಡುವ ಅಂಗಡಿಗೆ ಹೋಗಿ ಒಂದು ಇಂಚಿನ ಸ್ಟೀಲ್ ಪೈಪನ್ನು ತಿರುವಿಹಾಕಿದ ಎಲ್ ಆಕಾರಕ್ಕೆ ಬಗ್ಗಿಸಿಕೊಡಿ ಅನ್ನಿ. ಉದ್ದದ ಕಾಲು ಟ್ಯಾಂಕಿನ ಸ್ಟ್ಯಾಂಡಿನ ಹಿಂದೆ ನೆಟ್ಟಗೆ ನಿಲ್ಲಬೇಕು. ಅದಕ್ಕೆ ಎರಡು ಯು ಕ್ಲಾಂಪು, ಒಂದಕ್ಕೊಂದು ಕನಿಷ್ಠ ಒಂದು ಅಡಿ ದೂರದಲ್ಲಿ. ಅಡ್ಡ ತೋಳು ಟ್ಯಾಂಕಿನ ಅಗಲದ ಮಧ್ಯಕ್ಕೆ ಬಂದರೆ ಸಾಕು. ಕ್ಲಾಂಪು ಸಡಿಲಿಸಿ ಪೈಪನ್ನು ಮೇಲೆ ಕೆಳಗೆ ಜಾರಿಸಿದರೆ ಎತ್ತರವೂ ಬದಲಾಯಿತು. ಮನೆ ಖಾಲಿ ಮಾಡುವಾಗ ಪೈಪೂ ನಿಮ್ಮ ಜೊತೆ ಬರುತ್ತದೆ. ಪಿವಿಸಿ ಪೈಪಿನಲ್ಲಿ ಮಾಡಬೇಡಿ, ಕೆಲವೇ ತಿಂಗಳಲ್ಲಿ ನಮಸ್ಕಾರ ಹಾಕುತ್ತದೆ.

ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೇ ಸ್ಟೀಲು ಅಂತ ಕೆಲವರು ತೋರಿಸುತ್ತಾರೆ. ಅಗ್ಗದ 202 ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಉಪ್ಪು ತಾಗಿದರೆ ಬೇಗ ಕಲೆ ಬೀಳುತ್ತದೆ. ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳಿ. ಆಮೇಲೆ ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸಿ, ಲೈಟಿನ ಫ್ಯಾನಿನ ಜಾಲರಿಯನ್ನೂ ಸೇರಿಸಿ. ಒರೆಸುವಾಗ ಪ್ಲಗ್ ಕಿತ್ತಿರಲಿ.

ಪ್ರಶ್ನೆ: ತೀರ್ಥಹಳ್ಳಿಯಿಂದ. ಹಳೇ ಲೈಟ್ ಮಂದ ಅಂತ ಎರಡು ಪಟ್ಟು ದೊಡ್ಡದು ತಂದು ಅದೇ ಎತ್ತರದಲ್ಲಿ ಹಾಕಿದೆ. ಹತ್ತು ದಿನದಲ್ಲಿ ಅಣಬೆ ಹವಳ ಮುದುಡಿ ಬಣ್ಣ ಬಿಳಚಿಕೊಂಡಿದೆ. ಝೋವಾ ಅರಳುತ್ತಿಲ್ಲ. ಫೋನಿನ ಆಪ್‌ನಲ್ಲಿ ಅಳೆದರೆ ಬೆಳಕು ಹಿಂದಿನಷ್ಟೇ ತೋರಿಸುತ್ತದೆ. ಈ ಲೈಟಿಗೆ ಕಲ್ಲು ಹವಳ (ಮೈಯಡಿ ಗಟ್ಟಿ ಕಲ್ಲಿನಂಥ ಗೂಡು ಕಟ್ಟುವ ಜಾತಿ) ತಂದರೆ ಹೊಂದುತ್ತದಾ?

ಉತ್ತರ: ಆಪ್ ಸುಳ್ಳು ಹೇಳುತ್ತಿದೆ. ಅದು ತೋರಿಸುವ ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿನ ಅಳತೆ. ನಮ್ಮ ಕಣ್ಣಿಗೆ ಹಸಿರು ಜಾಸ್ತಿ, ನೀಲಿ ಕಡಿಮೆ ಕಾಣುತ್ತದೆ. ರೀಫ್ ಲೈಟಿನಲ್ಲಿ ತುಂಬಿರುವುದೇ ನೀಲಿ. ಕಣ್ಣಿಗೆ ಮಂದ ಅನ್ನಿಸಿದರೂ ಹವಳಕ್ಕೆ ಅದು ನಡುಮಧ್ಯಾಹ್ನದ ಬಿಸಿಲು. ಒಂದೇ ಲೈಟನ್ನು ಮೇಲೆ ಕೆಳಗೆ ಮಾಡಿ ಹೋಲಿಸಲು ಆಪ್ ಸಾಕು, ಎರಡು ಬೇರೆ ಲೈಟ್ ಹೋಲಿಸಲು ಆಗುವುದಿಲ್ಲ.

ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸ ಮಾಡುತ್ತದೆ. ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಬಡಿಸುವುದು ಅದೇ. ಒಮ್ಮೆಲೇ ಬೆಳಕು ಏರಿದರೆ ಅಡುಗೆಮನೆಯಲ್ಲೇ ಬೆಂಕಿ ಬಿದ್ದ ಹಾಗೆ. ಹವಳ ಪಾಚಿಯನ್ನು ಹೊರಹಾಕುತ್ತದೆ, ಬಣ್ಣ ಬಿಳಚುತ್ತದೆ. ಮೊಳಕೆ ಬಂದ ಅಡಿಕೆ ಸಸಿಯನ್ನು ನೆರಳಿನಿಂದ ತಂದು ನೇರ ಏಪ್ರಿಲ್ ಬಿಸಿಲಿಗೆ ಇಡುತ್ತೀರಾ?

ಇವತ್ತೇ ಲೈಟನ್ನು ಒಂದು ಗೇಣು ಮೇಲೆತ್ತಿ, ಶಕ್ತಿಯನ್ನು 30 ಪರ್ಸೆಂಟಿಗೆ ಇಳಿಸಿ, ದಿನಕ್ಕೆ ಎಂಟು ಗಂಟೆ ಮಾತ್ರ ಉರಿಸಿ. ಹವಳ ಮತ್ತೆ ಅರಳುವವರೆಗೆ ಅಲ್ಲೇ ಇರಲಿ. ಆಮೇಲೆ ವಾರಕ್ಕೆ ಐದು ಪರ್ಸೆಂಟ್ ಏರಿಸಿ. ಯಾವುದೋ ಒಂದು ವಾರ ಝೋವಾ ಅರಳಲು ತಡ ಮಾಡಿದರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಸಿ ನಿಲ್ಲಿಸಿಬಿಡಿ. ಮುಟ್ಟಿ ಮುಟ್ಟಿ ಜಾಗ ಬದಲಿಸಬೇಡಿ. ತಾಳ್ಮೆ ಇಲ್ಲದಿದ್ದರೆ ಸಿಹಿನೀರಿನ ಗಪ್ಪಿ ಸಾಕಿ, ನಾನೇನೂ ತಪ್ಪು ತಿಳಿಯುವುದಿಲ್ಲ.

ಕಲ್ಲು ಹವಳ ಮಾತ್ರ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿ ಎಲ್ಲ ಕಲ್ಲು ಹವಳಗಳೂ ಇವೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ಕಪ್ಪು ಹವಳ, ಬೆಂಕಿ ಹವಳ, ಸಮುದ್ರದ ಬೀಸಣಿಗೆ, ಕಡಲಕುದುರೆಗೂ ಅದೇ ರಕ್ಷಣೆ. ಅಂಗಡಿಯವರು ಎಲ್ಲ ಸರಿ ಇದೆ ಅಂದರೂ ಸಿಕ್ಕಿಬೀಳುವುದು ನೀವು. ಕಲ್ಲು ಹವಳ ನೋಡುವ ಆಸೆ ಇದ್ದರೆ ಮಳೆಗಾಲ ಮುಗಿದ ಮೇಲೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ. ನೀರಿಗಿಳಿಸಿ ತೋರಿಸುವವರಿದ್ದಾರೆ. ನಾನು ಐವತ್ತೆಂಟನೇ ವಯಸ್ಸಿನಲ್ಲಿ ಹೋಗಿಬಂದೆ. ಸ್ವಲ್ಪ ಉಪ್ಪುನೀರು ಕುಡಿದೆ, ಆದರೆ ಹೋದದ್ದು ಸಾರ್ಥಕ.

ಪ್ರಶ್ನೆ: ಸಾಗರದಿಂದ. ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಇಲ್ಲ. ಇನ್ವರ್ಟರಿಗೆ ಲೈಟ್ ಕೊಡಲೋ, ಪಂಪ್ ಕೊಡಲೋ?

ಉತ್ತರ: 1964ರಿಂದ ಲಿಂಗನಮಕ್ಕಿಯಲ್ಲಿ ಶರಾವತಿಯನ್ನು ಕಟ್ಟಿ ನಿಲ್ಲಿಸಿಕೊಂಡ ತಾಲ್ಲೂಕಿನಿಂದ ಈ ಪ್ರಶ್ನೆ ಬರುತ್ತದೆ ನೋಡಿ!

ಪಂಪು. ಬೆಳಕಿಲ್ಲದೆ ಹವಳ ಎರಡು ಮೂರು ದಿನ ಸುಮ್ಮನೆ ಇರುತ್ತದೆ, ಮೋಡ ಕವಿದ ಹಾಗೆ ಅಷ್ಟೆ. ನೀರು ಅಲುಗದೆ ನಿಂತರೆ ಆಮ್ಲಜನಕ ಮುಗಿದು ಕೆಲವೇ ಗಂಟೆಯಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಟ್ಯಾಂಕಿನಲ್ಲಿ ಸುತ್ತು ಹೊಡೆಸುವ ಸಣ್ಣ ಪಂಪು ಒಂದನ್ನು ಮಾತ್ರ ಇನ್ವರ್ಟರಿಗೆ ಕೊಡಿ. ಅದರ ಬಾಯಿ ನೀರಿನ ಮೇಲ್ಮೈ ಕಡೆ ತಿರುಗಿರಲಿ. ಬ್ಯಾಟರಿಯಲ್ಲಿ ನಡೆಯುವ ಗುಳ್ಳೆ ಪಂಪು ಒಂದನ್ನು ಕಪಾಟಿನಲ್ಲಿಟ್ಟಿರಿ, ಸೆಲ್ ತೆಗೆದು. ಸೆಲ್ ಒಳಗೇ ಬಿಟ್ಟರೆ ನಮ್ಮ ಮಳೆಗಾಲಕ್ಕೆ ಅದೂ ಕಿಲುಬು ಹಿಡಿದಿರುತ್ತದೆ.